ಟೆಸ್ಟ್ ನೆಗೆಟಿವ್, ಆದರೂ ಗೋಧಿ ತಿಂದರೆ ಹೊಟ್ಟೆ ಕೆಡುತ್ತಾ?

ಸೀಲಿಯಾಕ್ (ಗೋಧಿಯಲ್ಲಿರುವ ಗ್ಲುಟೆನ್ ಎಂಬ ಪ್ರೋಟೀನ್‌ನಿಂದ ಕರುಳಿಗೆ ಹಾನಿಯಾಗುವ ಕಾಯಿಲೆ) ಟೆಸ್ಟ್ ನೆಗೆಟಿವ್ ಬಂದರೂ ಗೋಧಿ ತಿಂದ ಮೇಲೆ ಹೊಟ್ಟೆ ಉಬ್ಬರ, ನೋವು, ಸುಸ್ತು ಇದ್ದರೆ ಅದನ್ನು ಭ್ರಮೆ ಅಂತ ಸುಮ್ನೆ ಬಿಟ್ಟುಬಿಡಬೇಡಿ.

ರಕ್ತ ಕೊಡುವ ಮುಂಚಿನ ವಾರಗಳಲ್ಲಿ ನೀವು ಗೋಧಿ ತಿನ್ನುತ್ತಿದ್ದಿರಾ? ಮೊದಲು ಅದನ್ನು ನೆನಪಿಸಿಕೊಳ್ಳಿ. ನಾನು ಎರಡು ತಿಂಗಳು ಪೂರ್ತಿ ಬಿಟ್ಟು, ಆಮೇಲೆ ಟೆಸ್ಟ್ ಮಾಡಿಸಿದ್ದೆ. ಅದೇ ತಪ್ಪು. ಗ್ಲುಟೆನ್ ಬಿಟ್ಟರೆ ಟೆಸ್ಟ್ ಹುಡುಕುವ ಆ್ಯಂಟಿಬಾಡಿ ರಕ್ತದಲ್ಲಿ ಇಳಿಯುತ್ತದೆ, ಕಾಯಿಲೆ ಇದ್ದರೂ ನೆಗೆಟಿವ್ ಬರಬಹುದು. ಸಾಮಾನ್ಯವಾಗಿ 6ರಿಂದ 8 ವಾರ ದಿನವೂ ಗ್ಲುಟೆನ್ ತಿಂದು ಮತ್ತೆ ಟೆಸ್ಟ್ ಮಾಡಿಸಲು ಹೇಳುತ್ತಾರೆ. ವೈದ್ಯರನ್ನು ಕೇಳದೆ ಇದನ್ನು ಶುರು ಮಾಡಬೇಡಿ. ಅಷ್ಟು ದಿನ ತಿನ್ನೋದು ಕಷ್ಟ ಅಲ್ವಾ? ಹಾಗಿದ್ದರೆ ಎಚ್‌ಎಲ್‌ಎ ಜೀನ್ ಟೆಸ್ಟ್ ಬಗ್ಗೆ ಕೇಳಿ. ಅದಕ್ಕೆ ಗೋಧಿ ತಿನ್ನಬೇಕಿಲ್ಲ. ಅದರಲ್ಲಿ ನೋಡುವ ಡಿಕ್ಯೂ2, ಡಿಕ್ಯೂ8 ಜೀನ್ ಎರಡೂ ಇಲ್ಲದಿದ್ದರೆ ಸೀಲಿಯಾಕ್ ಇರುವ ಸಾಧ್ಯತೆ ತೀರಾ ಕಡಿಮೆ.

ರಕ್ತದಲ್ಲಿ ಐಜಿಎ ಎಂಬ ಬಗೆಯ ಆ್ಯಂಟಿಬಾಡಿ ಒಟ್ಟು ಎಷ್ಟಿದೆ ಅಂತಲೂ ನೋಡಿಸಿ. ಕೆಲವರಿಗೆ ಹುಟ್ಟಿನಿಂದಲೇ ಅದು ಕಡಿಮೆ. ಅಂಥವರಿಗೆ ಸೀಲಿಯಾಕ್‌ಗೆ ಸಾಮಾನ್ಯವಾಗಿ ಮಾಡುವ ಟಿಟಿಜಿ-ಐಜಿಎ ಟೆಸ್ಟ್ ಸಾಲದು, ಐಜಿಜಿ ಎಂಬ ಇನ್ನೊಂದು ಬಗೆಯ ಆ್ಯಂಟಿಬಾಡಿ ನೋಡುವ ಟೆಸ್ಟ್ ಬೇಕು.

ಗೋಧಿ ಅಲರ್ಜಿಯೇ ಬೇರೆ, ಅದರ ಟೆಸ್ಟೂ ಬೇರೆ. ತಿಂದ ಕೂಡಲೇ ಉಸಿರು ಕಟ್ಟಿದರೆ, ತುಟಿ ಊದಿದರೆ ತಕ್ಷಣ ಆಸ್ಪತ್ರೆಗೆ ಹೋಗಿ.

ಸೀಲಿಯಾಕ್, ಅಲರ್ಜಿ ಎರಡೂ ಅಲ್ಲ ಅಂತ ಖಚಿತವಾದರೆ ಗ್ಲುಟೆನ್ ಸೂಕ್ಷ್ಮತೆ ಇರಬಹುದು. ಅದನ್ನು ತೋರಿಸುವ ರಕ್ತ ಪರೀಕ್ಷೆ ಇಲ್ಲ. ತಿಂದದ್ದು, ಆದದ್ದು ಎರಡನ್ನೂ ದಿನವೂ ಬರೆದಿಡಿ. ಈರುಳ್ಳಿ, ಬೆಳ್ಳುಳ್ಳಿ ತಿಂದಾಗಲೂ ಹಾಗೇ ಆಗುತ್ತಾ ನೋಡಿ. ಹಾಗೆ ಆಗುತ್ತಿದ್ದರೆ ತೊಂದರೆ ಕೊಡುತ್ತಿರುವುದು ಗ್ಲುಟೆನ್ ಅಲ್ಲದೆ, ಗೋಧಿಯಲ್ಲೂ ಇರುವ ಫ್ರಕ್ಟಾನ್ ಎಂಬ ಕಾರ್ಬೋಹೈಡ್ರೇಟ್ ಆಗಿರಬಹುದು.