ಬೇಯಿಸಿದ ಒಲೆಯೇ ಅಡಿಕೆ ಒಣಗಿಸಲಿ

ತೀರ್ಥಹಳ್ಳಿ ಕಡೆಯ ನಮ್ಮ ಮನೆಯಲ್ಲಿ ಕೊಯ್ಲು ಶುರುವಾಯಿತೆಂದರೆ ಅಡಿಕೆ ಹಂಡೆಯ ಒಲೆ ರಾತ್ರಿ ಹತ್ತರವರೆಗೂ ಉರಿಯುತ್ತದೆ. ಅಷ್ಟೂ ಬಿಸಿ ಹೊಗೆಯ ಜೊತೆ ಚಿಮಣಿಯಲ್ಲಿ ಹೋಗುತ್ತಿತ್ತು. ಹತ್ತು ಹೆಜ್ಜೆ ಆಚೆ, ನವೆಂಬರಿನ ಮೋಡಕ್ಕೆ, ಬೇಯಿಸಿದ ಅಡಿಕೆಗೆ ಬೂಷ್ಟು ಹಿಡಿಯುತ್ತಿತ್ತು. ಕೆನಡಾದ ಓಕಟಾಕ್ಸ್‌ನಲ್ಲಿ 2007ರಲ್ಲಿ 37 ಮೀಟರ್ ಆಳದ 144 ಕೊಳವೆಗಳಿಂದ ಬೇಸಿಗೆಯ ಶಾಖವನ್ನು ನೆಲಕ್ಕಿಳಿಸಿ, ಚಳಿಗಾಲದಲ್ಲಿ 52 ಮನೆಗಳನ್ನು ಬೆಚ್ಚಗಿಟ್ಟರೆಂದು ಮಗಳು ಹೇಳಿದಳು. ಆಮೇಲೆಯೇ ನಾನು ಗುದ್ದಲಿ ತೆಗೆಸಿದ್ದು.

ಒಲೆಯ ಹಿಂಬದಿಯಿಂದ ಒಣಗಿಸುವ ಕೋಣೆಯ ಅಡಿಗೆ ಒಂದೂವರೆ ಅಡಿ ಅಗಲದ ಕಾಲುವೆ ತೋಡಿ, ಆಚೆ ತುದಿಗೆ ಚಿಮಣಿ ಎಬ್ಬಿಸಿ. ಕಾಲುವೆ ಚಿಮಣಿಯ ಕಡೆಗೆ ಏರುತ್ತಾ ಹೋಗಬೇಕು, ಇಲ್ಲದಿದ್ದರೆ ಹೊಗೆ ಒಲೆಬಾಯಿಗೇ ವಾಪಸ್. ಬದಿಗೆ ಜಂಬಿಟ್ಟಿಗೆ, ಮೇಲೆ ಕಲ್ಲುಚಪ್ಪಡಿ.

ಬಿಸಿ ಹಿಡಿದಿಡುವುದು ಇಕ್ಕೆಲದಲ್ಲಿ ತುಂಬುವ ಒಣ ಜಲ್ಲಿ. ಒಂದು ಘನ ಮೀಟರ್ ಜಲ್ಲಿ 40 ಡಿಗ್ರಿ ಏರಿದರೆ ಸುಮಾರು 3 ಕೆ.ಜಿ. ಒಣ ಕಟ್ಟಿಗೆಯ ಶಾಖ ಅದರಲ್ಲಿ ಕೂತಂತೆ. ಹೊಳೆಕಲ್ಲು ಬೇಡವೇ ಬೇಡ, ನೀರು ಕುಡಿದಿದ್ದರೆ ಕಾದಾಗ ಸಿಡಿಯುತ್ತದೆ.

ಮೊದಲ ವರ್ಷ ಹಸಿ ಮಣ್ಣಿನ ಮೇಲೇ ಜಲ್ಲಿ ಸುರಿಸಿದ್ದೆ. ಮಳೆಗಾಲದ ನೀರು ಇನ್ನೂ ಜಿನುಗುತ್ತಿತ್ತು; ಮೂರು ದಿನ ಉರಿಸಿದರೂ ನೆಲ ತಣ್ಣಗೇ ಇತ್ತು. ಎಲ್ಲ ತೆಗೆಸಿ, ಸುತ್ತ ಆಳವಾಗಿ ಬಸಿಗಾಲುವೆ ತೋಡಿಸಿ, ತಳಕ್ಕೂ ಬದಿಗೂ ಒಂದಡಿ ಭತ್ತದ ಹೊಟ್ಟಿನ ಬೂದಿ ಹಾಕಿಸಿದೆ. ತೋಟಕ್ಕೆ ಬಸಿಗಾಲುವೆ ಎಷ್ಟು ಮುಖ್ಯವೋ ಈ ಗುಂಡಿಗೂ ಅಷ್ಟೇ. ಜಲ್ಲಿಯನ್ನು ತೆಳ್ಳಗೆ ಹರಡದೆ ಒಟ್ಟಾಗಿ ತುಂಬಿ: ರಾಶಿ ದೊಡ್ಡದಾದಷ್ಟೂ ಮೈಯಿಂದ ಸೋರುವ ಪಾಲು ಕಡಿಮೆ. ಓಕಟಾಕ್ಸ್‌ನಲ್ಲಿ ಬಿಸಿ ತಿಂಗಳುಗಟ್ಟಲೆ ನಿಂತಿದ್ದು ಅದಕ್ಕೇ. ನಮ್ಮದು ಒಂದು ರಾತ್ರಿ, ಹೆಚ್ಚೆಂದರೆ ಮರುದಿನ ಮಧ್ಯಾಹ್ನದವರೆಗೆ. ಮಾರನೇ ಸಂಜೆ ಹೇಗೂ ಒಲೆ ಹೊತ್ತುತ್ತದಲ್ಲ.

ಚಪ್ಪಡಿಯ ಸಂದಿಗೆ ಕೆಮ್ಮಣ್ಣು ಮೆತ್ತಿ. ಪ್ರತಿ ಕೊಯ್ಲಿಗೂ ಮುಂಚೆ ಒದ್ದೆ ಹುಲ್ಲು ಉರಿಸಿ ಹೊಗೆ ಎಲ್ಲಿಂದ ಬರುತ್ತದೆಂದು ನೋಡಿ. ಒಂದೇ ಬಿರುಕಿನಿಂದ ನನ್ನ ಎರಡು ಹಂಡೆ ಅಡಿಕೆ ಹೊಗೆ ವಾಸನೆ ಹಿಡಿದು ದರ ಕಳೆದುಕೊಂಡಿತು. ಅಡಿಕೆ ಬಿದಿರು ತಟ್ಟಿಯ ಮೇಲಿರಲಿ, ಆವಿ ಹೋಗಲು ಗೋಡೆಯ ಮೇಲ್ಭಾಗದಲ್ಲಿ ಕಿಂಡಿಯಿರಲಿ.

ಚಿಮಣಿಯ ತಗಡನ್ನು ಕೆಂಡ ಪೂರ್ತಿ ಆರಿದ ಮೇಲಷ್ಟೇ ಮುಚ್ಚಿ. ಮುಂಚೆಯೇ ಮುಚ್ಚಿದರೆ ಕೋಣೆಗೆ ಕಾರ್ಬನ್ ಮೋನಾಕ್ಸೈಡ್ ತುಂಬುತ್ತದೆ; ಅದಕ್ಕೆ ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಸುಲಿಯಲು ಬಂದವರು ಚಳಿಗೆ ಅಲ್ಲೇ ಚಾಪೆ ಹಾಸಲು ನೋಡುತ್ತಾರೆ. ನಾನು ಅವರಿಗೆ ಜಗಲಿಯಲ್ಲಿ ಕಂಬಳಿ ಕೊಟ್ಟು, ಕೋಣೆಗೆ ಬೀಗ ಹಾಕುತ್ತೇನೆ.