ಪ್ರೀಪೇಯ್ಡ್ ರಿಬೇಟ್ ಕಾರ್ಡ್: ಅಮೆರಿಕಕ್ಕೆ ಹೊಸದಾಗಿ ಬಂದವರು ತಿಳಿದಿರಬೇಕಾದದ್ದು

ಅಮೆರಿಕದಲ್ಲಿ ಹೊಸದಾಗಿ ಸಂಸಾರ ಹೂಡುವವರು ಮೊದಲ ಕೆಲವು ತಿಂಗಳಲ್ಲಿಯೇ ಫೋನು, ಇಂಟರ್‌ನೆಟ್ ಸಂಪರ್ಕ, ಕೈ ಬದಲಾಯಿಸಿ ಬಂದ ಕಾರಿಗೆ ಹೊಸ ಟೈರು, ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಎಂದು ಒಂದರ ಹಿಂದೊಂದು ಖರೀದಿಗೆ ಇಳಿಯಬೇಕಾಗುತ್ತದೆ. ಇಂಥ ಸರಕುಗಳ ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಕಾಣುವುದು ಬಹಳ ಸಲ ರಿಬೇಟ್ (ಕೊಂಡ ಬಳಿಕ ಅರ್ಜಿ ಹಾಕಿದವರಿಗೆ ಮರಳಿಸುವ ಹಣ) ಕಳೆದ ಮೇಲಿನ ಬೆಲೆ. ಅಂಗಡಿಯಲ್ಲಿ ನೀವು ಪೂರ್ತಿ ಬೆಲೆಯನ್ನೇ ಕೊಡುತ್ತೀರಿ, ಮಾರಾಟ ತೆರಿಗೆಯೂ ಸಾಮಾನ್ಯವಾಗಿ ಆ ಪೂರ್ತಿ ಬೆಲೆಯ ಮೇಲೆಯೇ ಬೀಳುತ್ತದೆ. ರಿಬೇಟಿನ ಹಣ ವಾರಗಟ್ಟಲೆ ಕಾದ ಬಳಿಕ ಅಂಚೆಯಲ್ಲಿ ಬರುತ್ತದೆ, ಅದೂ ಈಚೆಗೆ ಹೆಚ್ಚಾಗಿ ಚೆಕ್ಕಿನ ರೂಪದಲ್ಲಲ್ಲ, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಗುರುತಿನ ಪ್ರೀಪೇಯ್ಡ್ ಕಾರ್ಡಿನ ರೂಪದಲ್ಲಿ.

ಆ ಕಾರ್ಡು ಕೈಸೇರುವುದೇ ಮೊದಲ ಕಷ್ಟ. ಗಡುವಿನೊಳಗೆ ಅರ್ಜಿ ತುಂಬಬೇಕು, ರಸೀದಿ ಲಗತ್ತಿಸಬೇಕು, ಕೆಲವೆಡೆ ಪೆಟ್ಟಿಗೆಯ ಮೇಲಿನ ಬಾರ್‌ಕೋಡನ್ನೇ ಕತ್ತರಿಸಿ ಕಳಿಸಬೇಕು; ಹಾಗೆ ಕತ್ತರಿಸಿದ ಪೆಟ್ಟಿಗೆಯನ್ನು ಅನೇಕ ಅಂಗಡಿಗಳು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲವಾದ್ದರಿಂದ, ಸರಕು ಉಳಿಸಿಕೊಳ್ಳುತ್ತೀರೆಂದು ಖಚಿತವಾಗುವ ತನಕ ಕತ್ತರಿ ಹಾಕಬೇಡಿ. ಹೊಸಬರು ಮೊದಲ ವರ್ಷದಲ್ಲಿ ಅಪಾರ್ಟ್‌ಮೆಂಟ್ ಬದಲಾಯಿಸುವುದು ಸಾಮಾನ್ಯ, ಮತ್ತು ಇಂಥ ಲಕೋಟೆಗಳಲ್ಲಿ ಎಲ್ಲವನ್ನೂ ಅಂಚೆಯವರು ಹೊಸ ವಿಳಾಸಕ್ಕೆ ತಿರುಗಿಸುವುದಿಲ್ಲ. ಇನ್ನು ಬಂದ ಲಕೋಟೆಯಾದರೂ ಹೇಗಿರುತ್ತದೆ? ಅಂಗಡಿಯ ಹೆಸರೇ ಇಲ್ಲದ, ಕೇಳರಿಯದ ಊರಿನ ವಿಳಾಸ ಹೊತ್ತ ಸಾದಾ ಬಿಳಿ ಲಕೋಟೆ. ಜಾಹೀರಾತಿನ ಕಾಗದವೆಂದು ತಿಳಿದು ಕಸಕ್ಕೆ ಎಸೆಯುವವರು ಕಡಿಮೆಯಿಲ್ಲ.

ಕಾನೂನಿನ ವಿಷಯದಲ್ಲಿ ಬಹುತೇಕ ಹಳಬರಿಗೂ ತಿಳಿಯದ ಒಂದು ವ್ಯತ್ಯಾಸವಿದೆ. 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯ ಪ್ರಕಾರ, ಹಣ ಕೊಟ್ಟು ಕೊಂಡ ಗಿಫ್ಟ್ ಕಾರ್ಡಿನ ಮೊತ್ತ ಕನಿಷ್ಠ 5 ವರ್ಷ ಅಳಿಯುವಂತಿಲ್ಲ, ಬಳಸದೆ ಇಟ್ಟದ್ದಕ್ಕೆ ಮೊದಲ 12 ತಿಂಗಳು ಶುಲ್ಕ ಹಿಡಿಯುವಂತಿಲ್ಲ. ಆದರೆ ರಿಬೇಟ್ ಕಾರ್ಡುಗಳನ್ನು ಪ್ರಚಾರದ ಕಾರ್ಡುಗಳ ಸಾಲಿಗೆ ಸೇರಿಸಿ ಈ ರಕ್ಷಣೆಯಿಂದ ಹೊರಗಿಟ್ಟಿದ್ದಾರೆ. ಮುಗಿಯುವ ದಿನಾಂಕವನ್ನೂ ಶುಲ್ಕವನ್ನೂ ಸ್ಪಷ್ಟವಾಗಿ ಮುದ್ರಿಸಿದರೆ ಸಾಕು. ಆದ್ದರಿಂದ ಆರೇ ತಿಂಗಳಲ್ಲಿ ಸತ್ತುಹೋಗುವ ಕಾರ್ಡು ಕೊಡುವುದು ಈ ಕಾಯ್ದೆಯಡಿ ಅಕ್ರಮವಲ್ಲ. ಉಳಿದ ಹಣ ನಿಮಗೆ ಸಿಗುವುದಿಲ್ಲ. ಎಷ್ಟೋ ಕಾರ್ಡುಗಳಲ್ಲಿ ಕೊನೆಗೆ ಮೂರು ನಾಲ್ಕು ಡಾಲರು ಹಾಗೆಯೇ ಉಳಿದುಬಿಡುತ್ತದೆ. ನಗದಿನ ಬದಲು ಕಾರ್ಡು ಕೊಡುವವರಿಗೆ ಇದು ಗೊತ್ತಿಲ್ಲವೆಂದು ನಾನು ನಂಬುವುದಿಲ್ಲ.

ಬಳಸುವಾಗಿನ ತೊಡಕುಗಳೇ ಹೆಚ್ಚು ಕಾಡುವಂಥವು. ಪೆಟ್ರೋಲ್ ಪಂಪಿನಲ್ಲಿ (ಇಲ್ಲಿ ಗ್ಯಾಸ್ ಸ್ಟೇಷನ್ ಎನ್ನುತ್ತಾರೆ) ಕಾರ್ಡನ್ನು ಯಂತ್ರಕ್ಕೆ ತೂರಿಸಿದರೆ, ನೀವು 30 ಡಾಲರಿನ ಇಂಧನ ಹಾಕಿಸುವವರಾದರೂ ಯಂತ್ರ 100 ಡಾಲರನ್ನೋ ಅದಕ್ಕಿಂತ ಹೆಚ್ಚನ್ನೋ ಮೊದಲೇ ಕಾದಿರಿಸಲು ನೋಡುತ್ತದೆ. ಕಾರ್ಡಿನಲ್ಲಿ 50 ಡಾಲರಷ್ಟೇ ಇದ್ದರೆ ತಿರಸ್ಕರಿಸಬಹುದು. ಒಳಗೆ ಹೋಗಿ ಕ್ಯಾಷಿಯರಿಗೆ ಮೊತ್ತ ಹೇಳಿ ಪಾವತಿಸಿದರೆ ಈ ತೊಂದರೆಯಿಲ್ಲ. ಹೋಟೆಲಿನ ಕೋಣೆಗೆ, ಬಾಡಿಗೆ ಕಾರಿಗೆ ಈ ಕಾರ್ಡು ಕೊಡಲೇಬೇಡಿ. ಟಿಪ್ಸ್ ಸೇರುವ ರೆಸ್ಟೊರೆಂಟುಗಳಲ್ಲಿಯೂ ಬಿಲ್ಲಿಗಿಂತ ಸುಮಾರು 20 ಪ್ರತಿಶತ ಹೆಚ್ಚು ಹಣ ಕಾರ್ಡಿನಲ್ಲಿರಬೇಕಾಗಬಹುದು. ಆನ್‌ಲೈನ್ ಖರೀದಿಗೆ ಮುನ್ನ ಕಾರ್ಡಿನ ಹಿಂಬದಿಯಲ್ಲಿರುವ ಜಾಲತಾಣದಲ್ಲಿ ನಿಮ್ಮ ಹೆಸರು, ವಿಳಾಸ, ಜಿಪ್ ಕೋಡ್ ನೋಂದಾಯಿಸದಿದ್ದರೆ ಪಾವತಿ ಬೀಳದೆ ಹೋಗಬಹುದು. ನೋಂದಾಯಿಸಿದರೂ ಹೆಚ್ಚಿನ ಅಂಗಡಿತಾಣಗಳು ಒಂದೇ ಬಿಲ್ಲನ್ನು ಎರಡು ಕಾರ್ಡಿಗೆ ಹಂಚಲು ಬಿಡುವುದಿಲ್ಲ. ಕೊಂಡದ್ದನ್ನು ಹಿಂದಿರುಗಿಸಿದರೆ ಹಣ ಅದೇ ಕಾರ್ಡಿಗೆ ಮರಳುವುದರಿಂದ, ಖಾಲಿಯಾದ ಕಾರ್ಡನ್ನೂ ಕೆಲವು ಕಾಲ ಎಸೆಯಬೇಡಿ. ಎಟಿಎಂನಲ್ಲಿ ನಗದು ತೆಗೆಯಲು ಸಾಮಾನ್ಯವಾಗಿ ಬರುವುದಿಲ್ಲ.

ಊರಿಗೆ ಹೋದಾಗ ಖರ್ಚು ಮಾಡೋಣವೆಂದು ಇಂಥ ಕಾರ್ಡುಗಳನ್ನು ಕೂಡಿಸಿಡುವವರಿದ್ದಾರೆ. ಬಹುತೇಕ ಕಾರ್ಡುಗಳು ಅಮೆರಿಕದೊಳಗಷ್ಟೇ ನಡೆಯುತ್ತವಾದ್ದರಿಂದ ಬೆಂಗಳೂರಿನಲ್ಲಿ ಅವು ಬರೀ ಪ್ಲಾಸ್ಟಿಕ್. ಮೇಲೆ ವೀಸಾ ಎಂದಿದ್ದ ಮಾತ್ರಕ್ಕೆ ಇವುಗಳ ಬಳಕೆಯಿಂದ ನಿಮ್ಮ ಕ್ರೆಡಿಟ್ ಸ್ಕೋರ್ ಏರುವುದೂ ಇಲ್ಲ. ಕಾರ್ಡನ್ನು ಚಾಲೂ ಮಾಡಲು ಸೋಷಿಯಲ್ ಸೆಕ್ಯುರಿಟಿ ಸಂಖ್ಯೆ ಕೊಡಿ ಎಂದು ಯಾರಾದರೂ ಕರೆ ಮಾಡಿದರೆ ಮಾತು ಮುಂದುವರಿಸದೆ ಕರೆ ಕಡಿಯಿರಿ.

ನನ್ನ ಸಲಹೆ ಇಷ್ಟು: ಎರಡು ಅಂಗಡಿಗಳ ಬೆಲೆ ಹೋಲಿಸುವಾಗ ರಿಬೇಟನ್ನು ಲೆಕ್ಕಕ್ಕೇ ಹಿಡಿಯಬೇಡಿ, ಮತ್ತು ವಿಳಾಸ ನೆಲೆಗೊಳ್ಳುವ ತನಕ ದೊಡ್ಡ ರಿಬೇಟಿಗಿಂತ ಕೌಂಟರಿನಲ್ಲಿಯೇ ಸಿಗುವ ಸಣ್ಣ ರಿಯಾಯಿತಿಯನ್ನು ಆರಿಸಿಕೊಳ್ಳಿ. ಅರ್ಜಿಯಲ್ಲಿ ಚೆಕ್ಕಿನ ಆಯ್ಕೆ ಇದ್ದರೆ ಅದನ್ನೇ ಗುರುತಿಸಿ. ಕಾರ್ಡೇ ಬಂದರೆ, ಬಂದ ವಾರದಲ್ಲಿಯೇ ಪೂರ್ತಿ ಮೊತ್ತವನ್ನು ನೀವು ನಿತ್ಯ ಬಳಸುವ ಕಡೆಗೆ ವರ್ಗಾಯಿಸಿ. ಅಮೆಜಾನಿನ ಗಿಫ್ಟ್ ಕಾರ್ಡ್ ಖಾತೆಗೆ ಸರಿಯಾಗಿ ಅಷ್ಟೇ ಮೊತ್ತವನ್ನು ತುಂಬಿಸಬಹುದು, ಭಾಗಶಃ ಪಾವತಿ ಒಪ್ಪುವ ಕಂಪನಿಯಾದರೆ ಫೋನ್ ಬಿಲ್ಲಿಗೂ ಕಟ್ಟಬಹುದು. ದಿನಸಿ ಅಂಗಡಿಯಲ್ಲಿ ಬಳಸುವುದಾದರೆ ಕಾರ್ಡಿನಲ್ಲಿ ಎಷ್ಟಿದೆಯೆಂದು ಮೊದಲೇ ತಿಳಿದುಕೊಂಡು, ಇದರಿಂದ ಇಷ್ಟು ತೆಗೆದುಕೊಳ್ಳಿ, ಮಿಕ್ಕದ್ದಕ್ಕೆ ಬೇರೆ ಕಾರ್ಡು ಕೊಡುತ್ತೇನೆ ಎಂದು ಕ್ಯಾಷಿಯರಿಗೆ ಹೇಳಿ.

ಹೇಳಿದ ಅವಧಿ ಮೀರಿದರೂ ಕಾರ್ಡು ಬಾರದಿದ್ದರೆ ನಿಮ್ಮ ಬಳಿ ಕಾಗದಪತ್ರ ಇರಬೇಕು: ಅರ್ಜಿಯ ಪ್ರತಿ, ರಸೀದಿಯ ಮತ್ತು ಬಾರ್‌ಕೋಡಿನ ಫೋಟೋ, ರಿಬೇಟಿನ ನಿಯಮಗಳಿರುವ ಪುಟದ ಸ್ಕ್ರೀನ್‌ಶಾಟ್. ಮೊದಲು ರಿಬೇಟ್ ನಿರ್ವಹಿಸುವ ಸಂಸ್ಥೆಗೂ ಸರಕಿನ ತಯಾರಕರಿಗೂ ಬರೆಯಿರಿ. ಅಲ್ಲಿ ಉತ್ತರ ಸಿಗದಿದ್ದರೆ ಗ್ರಾಹಕರ ಹಿತ ಕಾಯುವ ಕೇಂದ್ರ ಸಂಸ್ಥೆಯಾದ ಫೆಡರಲ್ ಟ್ರೇಡ್ ಕಮಿಷನ್ನಿಗೂ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಗೂ ಆನ್‌ಲೈನಿನಲ್ಲಿ ದೂರು ಕೊಡಬಹುದು. ಇದಕ್ಕೆ ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ವೀಸಾದ ಮೇಲೆ ಇರುವವರೂ ಹಿಂಜರಿಯಬೇಕಾಗಿಲ್ಲ.