ಹೆಸರನ್ನು ಕೊನೆಗೆ ಓದಿ: ಹಳೆಯ ಕಸ್ಟಮ್ ಪೂಲ್ ಕ್ಯೂ ಗುರುತಿಸುವ ಬಗೆ

ನನ್ನ ಬ್ಯಾಗಿನಲ್ಲಿ ಮೂರು ಸಾಮಾನು ಸದಾ ಇರುತ್ತವೆ. ಥ್ರೆಡ್ ಗೇಜ್, ವರ್ನಿಯರ್ ಕ್ಯಾಲಿಪರ್, ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಲೂಪ್. ಮೂವತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಇವೇನೂ ಹೊಸತಲ್ಲ. ಆದರೂ ಮೊದಲ ಹಳೆಯ ಕ್ಯೂ (ಪೂಲ್ ಆಟದಲ್ಲಿ ಚೆಂಡು ಹೊಡೆಯುವ ಕೋಲು) ಕೊಳ್ಳುವಾಗ ಇವನ್ನು ಹೊರಗೆ ತೆಗೆಯಲೇ ಇಲ್ಲ. ಕೋಲಿನ ಮೇಲೆ, ಕ್ಯೂ ಮಾಡುವುದರಲ್ಲಿ ಹೆಸರಾದ ಜಾರ್ಜ್ ಬಾಲಬುಷ್ಕಾ ಅವರ ಸಹಿ ಇತ್ತು. ನನಗೆ ಅಷ್ಟೇ ಸಾಕಾಯ್ತು. ಡಾಲರ್ ಎಣಿಸಿಕೊಟ್ಟು ಮನೆಗೆ ಬಂದೆ. ಆಮೇಲೆ ಗೊತ್ತಾಯ್ತು, ಅದು 1980ರ ದಶಕದಲ್ಲಿ ಜಪಾನಿನ ಆಡಮ್ ಕಂಪನಿ ಲೈಸೆನ್ಸ್ ಪಡೆದು ಮಾಡಿದ ಕ್ಯೂ. ನಕಲಿ ಅಲ್ಲ, ಕೆಟ್ಟದ್ದೂ ಅಲ್ಲ. ಆದರೆ ಬಾಲಬುಷ್ಕಾ ತೀರಿಕೊಂಡದ್ದು 1975ರಲ್ಲಿ! ಮಾರಿದವನು ಸುಳ್ಳು ಹೇಳಿರಲಿಲ್ಲ. ನಾನು ಏನನ್ನೂ ಕೇಳಿರಲಿಲ್ಲ, ಅಷ್ಟೆ.

ಅಂದಿನಿಂದ ಒಂದು ನೇಮ ಇಟ್ಟುಕೊಂಡಿದ್ದೇನೆ. ಮೊದಲು ಜಾಯಿಂಟ್ (ಕ್ಯೂನ ಎರಡು ತುಂಡು ಸೇರುವ ಜಾಗ), ಆಮೇಲೆ ಮರ, ಆಮೇಲೆ ಶಾಫ್ಟ್ (ಚೆಂಡಿಗೆ ತಾಗುವ ಮುಂದಿನ ತುಂಡು), ಆಮೇಲೆ ಬುಡ. ಹೆಸರು ಕೊನೆಗೆ.

ಇಷ್ಟಕ್ಕೂ ಆ ಹೆಸರಿಗೆ ಯಾಕೆ ಅಷ್ಟು ಬೆಲೆ? ಬಾಲಬುಷ್ಕಾ ಹುಟ್ಟಿದ್ದು 1912ರಲ್ಲಿ, ರಷ್ಯಾದಲ್ಲಿ. ಹುಡುಗನಾಗಿದ್ದಾಗ ಅಮೆರಿಕಕ್ಕೆ ಬಂದು ನ್ಯೂಯಾರ್ಕ್‌ನಲ್ಲಿ ಮರಗೆಲಸ ಮಾಡಿಕೊಂಡಿದ್ದರು. 1959ರಲ್ಲಿ ಕ್ಯೂ ಮಾಡಲು ಶುರು ಮಾಡಿದರು. ಕೆಲಸ ಮಾಡಿದ್ದು ಹದಿನಾರು ವರ್ಷ, ಹಾಗಾಗಿ ಅವರ ಕ್ಯೂಗಳು ಕಡಿಮೆ. 1986ರ ಒಂದು ಹಾಲಿವುಡ್ ಸಿನಿಮಾ ಈ ಹೆಸರನ್ನು ಮನೆಮನೆಗೂ ಮುಟ್ಟಿಸಿತು. ತಮಾಷೆ ಏನೆಂದರೆ, ಅದರಲ್ಲಿ ಬಾಲಬುಷ್ಕಾ ಎಂದು ತೋರಿಸಿದ ಕ್ಯೂ ನಿಜವಾಗಿ ಜಾಸ್ ಎಂಬ ಕ್ಯೂ ಕಂಪನಿಯದು.

ಸರಿ, ಕ್ಯೂ ಕೈಗೆ ಬಂತು. ಬಟ್ (ಕೈಯಲ್ಲಿ ಹಿಡಿಯುವ ಹಿಂದಿನ ತುಂಡು) ಮತ್ತು ಶಾಫ್ಟ್ ಬಿಚ್ಚಿ. ಜಾಯಿಂಟ್ ಪಿನ್, ಅಂದರೆ ಎರಡನ್ನೂ ಜೋಡಿಸುವ ತಿರುಪು, ನೋಡಿ. ಅರ್ಧ ಇಂಚಿನಲ್ಲಿ ಎಷ್ಟು ಥ್ರೆಡ್ (ತಿರುಪಿನ ಸುತ್ತು) ಇವೆ ಎಂದು ಎಣಿಸಿ. ಏಳು ಇದ್ದರೆ ಇಂಚಿಗೆ 14, ಒಂಬತ್ತು ಇದ್ದರೆ 18, ಐದು ಇದ್ದರೆ 10. ಪಿನ್‌ನ ದಪ್ಪ ಸುಮಾರು 7.9 ಮಿ.ಮೀ. ಇದ್ದರೆ 5/16 ಇಂಚು, 9.5 ಇದ್ದರೆ 3/8. ಈ ಎರಡು ಲೆಕ್ಕ ಸೇರಿದರೆ ಅರ್ಧ ಜಾತಕ ಸಿಕ್ಕ ಹಾಗೆ. 5/16ಕ್ಕೆ 14 ಥ್ರೆಡ್, ಸ್ಟೀಲ್ ಕಾಲರ್ (ಜಾಯಿಂಟ್ ಸುತ್ತಿನ ಬಳೆ), ಒಳಗೆ ಕೂರುವ ಪೈಲಟ್: ಇದು ಬಾಲಬುಷ್ಕಾ, ಇನ್ನೊಬ್ಬ ಕ್ಯೂ ತಯಾರಕ ಗಸ್ ಝಾಂಬೋಟಿ, ಜಾಸ್ ಹಿಡಿದ ದಾರಿ. 5/16ಕ್ಕೆ 18 ಬಂದರೆ ಮ್ಯೂಚಿ ಕಂಪನಿಯದು ಇರಬಹುದೇ ಎಂದು ನೋಡುತ್ತೇನೆ. 3/8ಕ್ಕೆ 10, ಮರಕ್ಕೆ ಮರ ತಾಗುವ ಚಪ್ಪಟೆ ಮುಖ ಇದ್ದರೆ ಮೊದಲು ನೆನಪಾಗುವ ಕಂಪನಿ ಮ್ಯಾಕ್‌ಡರ್ಮಟ್.

ಪೈಲಟ್ ಅಂದರೇನು ಅಂತ ಕೇಳ್ತೀರಾ? ಬಟ್‌ನ ಸ್ಟೀಲ್ ಕಾಲರ್ ಒಳಗೆ ಒಂದು ಕುಳಿ ಇರುತ್ತದೆ. ಶಾಫ್ಟ್‌ನ ತುದಿಯಲ್ಲಿ ಮುಂದೆ ಚಾಚಿದ ಗಿಡ್ಡ ಮೂತಿ ಇರುತ್ತದೆ. ಅದು ಹೋಗಿ ಆ ಕುಳಿಯಲ್ಲಿ ಕೂರುತ್ತದೆ. ಮೂತಿ ಇಲ್ಲದೆ ಎರಡೂ ಕಡೆ ಸಪಾಟಾಗಿದ್ದರೆ ಅದು ಫ್ಲ್ಯಾಟ್ ಫೇಸ್.

ಇಲ್ಲೊಂದು ಲೇತ್‌ನವನ ಮಾತು. ಅಂಗಡಿಯಲ್ಲಿ ಸಿಗುವ ಸಾಮಾನ್ಯ 5/16 ಬೋಲ್ಟ್‌ಗೆ ಇಂಚಿಗೆ 18 ಥ್ರೆಡ್ ಇರುತ್ತವೆ. 14 ಅನ್ನೋದು ಬೇಕೆಂದೇ ಮಾಡಿಸಿದ ಸೈಜು. ಹಾಗಾಗಿ 18ರ ಶಾಫ್ಟನ್ನು 14ರ ಪಿನ್‌ಗೆ ತಿರುಗಿಸಬೇಡಿ. ಒಂದೆರಡು ಸುತ್ತು ಹೋಗುತ್ತದೆ, ಆಮೇಲೆ ಬಿಗಿಯುತ್ತದೆ. ಒತ್ತಿದರೆ ಪಿನ್ ಕೂರಲು ಶಾಫ್ಟ್ ಒಳಗೆ ಹಾಕಿದ ಹಿತ್ತಾಳೆ ಇನ್ಸರ್ಟ್ ಹೋಯ್ತು ಅಂತಲೇ ಲೆಕ್ಕ.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ, ಪಾಯಿಂಟ್. ಹಿಡಿಕೆಯ ಮೇಲ್ಭಾಗದಿಂದ ಜಾಯಿಂಟ್ ಕಡೆಗೆ ಚೂಪಾಗಿ ಏರುವ ಬಣ್ಣದ ಮರದ ನಾಲ್ಕು ಮೊನೆಗಳು. ಇವನ್ನು ಮಾಡುವ ದಾರಿ ಮುಖ್ಯವಾಗಿ ಮೂರು. ಮೊದಲನೆಯದು ಫುಲ್ ಸ್ಪ್ಲೈಸ್. ಎರಡು ಕೈಯ ಬೆರಳು ಹೆಣೆದ ಹಾಗೆ ಮೇಲಿನ ಮರ, ಕೆಳಗಿನ ಮರ ಒಂದರೊಳಗೊಂದು ಕೂರುತ್ತವೆ. ಕೆಳಗಿನ ಮರವೇ ಮುಂದುವರಿದು ಪಾಯಿಂಟ್ ಆಗುತ್ತದೆ. ಎರಡನೆಯದು ಶಾರ್ಟ್ ಸ್ಪ್ಲೈಸ್. ಮುಂಭಾಗದ ಮರದಲ್ಲಿ ವಿ ಆಕಾರದ ನಾಲ್ಕು ತೋಡು ಕೊರೆದು, ಅದರಲ್ಲಿ ಬೇರೆ ಮರ ಅಂಟಿಸುತ್ತಾರೆ. ಹಿಡಿಕೆ ಬೇರೆ ತುಂಡು. ಮೂರನೆಯದು ಮೆಷಿನ್‌ನಲ್ಲಿ ಕುಳಿ ಕೊರೆದು ಕೂರಿಸಿದ ಇನ್‌ಲೇ.

ಲೂಪ್ ಹಿಡಿದು ಮೊನೆಯ ತುದಿ ನೋಡಿ. ವಿ ತೋಡಿನಿಂದ ಬಂದ ಮೊನೆ ಸೂಜಿಯ ಹಾಗೆ ಮುಗಿಯುತ್ತದೆ. ಮೆಷಿನ್‌ನ ಕಟ್ಟರ್ ದುಂಡಗಿರುವುದರಿಂದ ಇನ್‌ಲೇ ತುದಿ ಸ್ವಲ್ಪ ದುಂಡಗೆ ಕಾಣುತ್ತದೆ. ಕೆಲವರು ಉಳಿ ಹಾಕಿ ಅದನ್ನೂ ಚೂಪು ಮಾಡುತ್ತಾರೆ. ಆದ್ದರಿಂದ ಚೂಪು ಎಂದ ಮಾತ್ರಕ್ಕೆ ತೀರ್ಪು ಕೊಡಬೇಡಿ. ಆದರೆ 1960ರ ದಶಕದ ನ್ಯೂಯಾರ್ಕ್ ಕ್ಯೂ ಅಂತ ಹೇಳಿ ದುಂಡು ತುದಿ ತೋರಿಸಿದರೆ ನಾನು ಟೀ ಕುಡಿದು ಎದ್ದು ಬರುತ್ತೇನೆ.

ನಾಲ್ಕೂ ಮೊನೆಗಳ ಎತ್ತರ ಅಳೆಯಿರಿ. ತೋಡು ತುದಿಯ ಕಡೆ ಹೋದಂತೆ ಆಳ ಕಡಿಮೆಯಾಗುತ್ತದೆ. ಹಾಗಾಗಿ ಲೇತ್ ಮೇಲೆ ಮರವನ್ನು ಇನ್ನಷ್ಟು ತೆಳ್ಳಗೆ ಮಾಡಿದರೆ ಮೊನೆ ಗಿಡ್ಡವಾಗುತ್ತದೆ. ಒಂದು ಪಕ್ಕದ ಮೊನೆ ಗಿಡ್ಡ, ಎದುರಿನದು ಉದ್ದ ಇದ್ದರೆ, ಬಾಗಿದ್ದ ಬಟ್ ಅನ್ನು ಯಾರೋ ಮತ್ತೆ ತಿರುವಿ ನೆಟ್ಟಗೆ ಮಾಡಿರಬಹುದು. ಮೊದಲೇ ಓರೆಯಾಗಿ ಮಾಡಿದ್ದೂ ಇರಬಹುದು. ಎರಡೂ ನನಗೆ ಬೇಡ.

ಪಾಯಿಂಟ್‌ಗಳ ಅಂಚಿನ ತೆಳು ಬಣ್ಣದ ಪಟ್ಟಿಗಳೇ ವೆನೀರ್. ಬ್ರನ್ಸ್‌ವಿಕ್ ಕಂಪನಿಯ ಟೈಟ್ಲಿಸ್ಟ್ ಕ್ಯೂಗಳಲ್ಲಿ ಇವು ಬಲು ಚಂದ. ಟೈಟ್ಲಿಸ್ಟ್ ಮೂಲದಲ್ಲಿ ಪೂಲ್ ಹಾಲ್‌ಗಳಿಗೆ ಮಾಡಿದ ಒಂದೇ ತುಂಡಿನ ಫುಲ್ ಸ್ಪ್ಲೈಸ್ ಕ್ಯೂ. ಬಾಲಬುಷ್ಕಾ ಮೊದಮೊದಲು ಇಂಥವನ್ನೇ ಕತ್ತರಿಸಿ, ಜಾಯಿಂಟ್ ಹಾಕಿ ಎರಡು ತುಂಡಿನ ಕ್ಯೂ ಮಾಡುತ್ತಿದ್ದರು. ಆಮೇಲೆ ಷಿಕಾಗೋದ ಬರ್ಟನ್ ಸ್ಪೇನ್, ಪೆನ್ಸಿಲ್ವೇನಿಯಾದ ಗಸ್ ಝಾಂಬೋಟಿ ಮಾಡಿದ, ಪಾಯಿಂಟ್ ಕೂಡಿಸಿದ ಆದರೆ ಪೂರ್ತಿ ಕಡೆಯದ ಮರದ ತುಂಡುಗಳನ್ನು, ಅಂದರೆ ಬ್ಲ್ಯಾಂಕ್‌ಗಳನ್ನು ಬಳಸಿದರು. ತೊಂದರೆ ಇರುವುದು ಇಲ್ಲೇ. ಹಳೆಯ ಟೈಟ್ಲಿಸ್ಟ್ ಕೋಲು ಸಿಕ್ಕರೆ ಇಂದಿಗೂ ಯಾರು ಬೇಕಾದರೂ ಅದೇ ಕೆಲಸ ಮಾಡಬಹುದು, ಮಾಡುತ್ತಲೂ ಇದ್ದಾರೆ. ಮರ ಹಳೆಯದು, ಕೈ ಹೊಸದು. ಹಾಗಾಗಿ ಮರದ ವಯಸ್ಸು ಬೇರೆ, ಕ್ಯೂನ ವಯಸ್ಸು ಬೇರೆ ಎಂದು ಎರಡು ಲೆಕ್ಕ ಬರೆದಿಡಿ.

ಶಾಫ್ಟ್‌ಗೆ ಬನ್ನಿ. ಗಟ್ಟಿ ಮೇಪಲ್ ವಯಸ್ಸಾದ ಹಾಗೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ಶಾಫ್ಟ್‌ನ ಕಾಲರ್ ಮೇಲಿನ ರಿಂಗ್, ಬಟ್ ಮೇಲಿನ ರಿಂಗ್‌ಗೆ ಹೊಂದಬೇಕು. ಬಣ್ಣ, ಅಗಲ, ಎರಡೂ. ಜೋಡಿಸಿ, ಕಣ್ಣು ಮುಚ್ಚಿ, ಜಾಯಿಂಟ್ ಮೇಲೆ ಉಗುರು ಎಳೆಯಿರಿ. ಮೆಟ್ಟಿಲು ತಾಗಿದರೆ ಶಾಫ್ಟ್ ಬೇರೆಯದು, ಇಲ್ಲವೇ ಒಂದನ್ನು ಉಜ್ಜಿದ್ದಾರೆ. ಪೂಲ್ ಶಾಫ್ಟ್‌ನ ತುದಿ ಸಾಮಾನ್ಯವಾಗಿ 13 ಮಿ.ಮೀ. ಸುತ್ತಮುತ್ತ ಇರುತ್ತದೆ. ಹಳೆಯದರಲ್ಲಿ 12ಕ್ಕೆ ಇಳಿದಿದ್ದರೆ ವರ್ಷಗಟ್ಟಲೆ ಸ್ಯಾಂಡ್‌ಪೇಪರ್ ತಿಂದಿದೆ ಅಂತ ಅರ್ಥ. ಟಿಪ್ (ಚೆಂಡಿಗೆ ತಾಗುವ ತುದಿಯ ಚರ್ಮದ ಬಿಲ್ಲೆ) ಬದಲಾಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಚಪ್ಪಲಿಯ ಅಟ್ಟೆ ಇದ್ದ ಹಾಗೆ.

ನೆಟ್ಟಗಿದೆಯೇ ಎಂದು ನೋಡಲು ಬಟ್ ಬೇರೆ, ಶಾಫ್ಟ್ ಬೇರೆ, ಆಮೇಲೆ ಜೋಡಿಸಿ, ಹೀಗೆ ಮೂರು ಸಲ ಟೇಬಲ್ ಮೇಲೆ ಉರುಳಿಸಿ. ಬರೀ ಜೋಡಿಸಿ ಉರುಳಿಸಿದರೆ ಒಂದರ ಬಾಗು ಇನ್ನೊಂದರಲ್ಲಿ ಅಡಗಬಹುದು.

ಹಿಡಿಕೆಗೆ ಸುತ್ತಿದ ದಾರ ಐರಿಷ್ ಲಿನನ್ ಆಗಿದ್ದರೆ ಒಳ್ಳೆಯದು. ನ್ಯೂಯಾರ್ಕ್ ರಾಜ್ಯದ ಕಾರ್ಟ್‌ಲ್ಯಾಂಡ್ ಎಂಬ ಮೀನು ಗಾಳದ ದಾರದ ಕಂಪನಿ ಮಾಡುತ್ತಿದ್ದ ಲಿನನ್‌ಗೆ ಸಂಗ್ರಹಕಾರರು ಪ್ರಾಣ ಬಿಡುತ್ತಾರೆ. ಬಿಳಿಯ ಮೇಲೆ ಹಸಿರು ಚುಕ್ಕೆ ಇರುವುದಂತೂ ಜಾಸ್ತಿ ಬೇಕಾದದ್ದು. ನನಗೆ ಈ ಹುಚ್ಚು ಅಷ್ಟಿಲ್ಲ. ಬೆವರು ಕುಡಿದ ದಾರ ಹೇಗೂ ಬದಲಾಗುತ್ತದೆ.

ಬುಡದ ಬಿಳಿ ಭಾಗ ಹೆಚ್ಚು ಮಾತಾಡುತ್ತದೆ. ಡೆಲ್ರಿನ್ ಪ್ಲಾಸ್ಟಿಕ್ಕನ್ನು ಡ್ಯೂಪಾಂಟ್ ಮಾರುಕಟ್ಟೆಗೆ ತಂದದ್ದು 1960ರಲ್ಲಿ. 1950ರ ದಶಕದ ಕ್ಯೂನಲ್ಲಿ ಡೆಲ್ರಿನ್ ಬುಡ ಕಂಡರೆ ಕ್ಯೂ ಸುಳ್ಳಾಗಿರಲೇಬೇಕಿಲ್ಲ, ಬುಡವಂತೂ ಆಮೇಲಿನದು. ನ್ಯೂಜೆರ್ಸಿಯ ಪಾಮರ್ ಕ್ಯೂಗಳಲ್ಲಿ ಬುಡದ ಹತ್ತಿರ ಪಾರದರ್ಶಕ ಪ್ಲಾಸ್ಟಿಕ್ ಕಿಟಕಿ ಇರುತ್ತದೆ, ಒಳಗೆ ಹೆಸರು ಕಾಣುತ್ತದೆ. ಆ ಹೆಸರನ್ನು ಮಾತ್ರ ಮೊದಲೇ ಓದಬಹುದು, ನನ್ನ ನೇಮಕ್ಕೆ ಅದೊಂದು ರಿಯಾಯಿತಿ.

ಬುಡ, ಜಾಯಿಂಟ್ ಅಥವಾ ಫೆರೂಲ್ (ಟಿಪ್ ಕೂರುವ ಬಳೆ) ದಂತದ್ದು ಅಂದರೆ ಲೂಪ್ ಮತ್ತೆ ಹೊರಗೆ ಬರಲಿ. ಆನೆ ದಂತವನ್ನು ಅಡ್ಡ ಕೊಯ್ದ ಮುಖದಲ್ಲಿ ಒಂದನ್ನೊಂದು ದಾಟುವ ಬಾಗಿದ ಗೆರೆಗಳು ಕಾಣುತ್ತವೆ. ಶ್ರೇಗರ್ ಗೆರೆಗಳು ಅನ್ನುತ್ತಾರೆ. ಪ್ಲಾಸ್ಟಿಕ್‌ನಲ್ಲಿ ಆ ಬಲೆ ಬರುವುದಿಲ್ಲ. ಕೆಂಪಗೆ ಕಾಯಿಸಿದ ಸೂಜಿ ಚುಚ್ಚಿ ನೋಡುವ ಹಳೆಯ ಉಪಾಯ ದಯವಿಟ್ಟು ಬೇಡ, ತೂತು ಹಾಗೇ ಉಳಿಯುತ್ತದೆ. ಕಾನೂನನ್ನೂ ಗಮನಿಸಿ. ಅಮೆರಿಕದಲ್ಲಿ 2016ರ ಜುಲೈನಿಂದ ಆಫ್ರಿಕದ ಆನೆ ದಂತದ ವ್ಯಾಪಾರಕ್ಕೆ ಬಹುತೇಕ ತಡೆ ಇದೆ. ವಿನಾಯಿತಿ ತೀರಾ ಕಡಿಮೆ, ಕ್ಯಾಲಿಫೋರ್ನಿಯಾ, ನ್ಯೂಯಾರ್ಕ್‌ನಂಥ ರಾಜ್ಯಗಳ ನಿಯಮ ಬೇರೆಯೇ. ಬ್ರೆಜಿಲ್ ರೋಸ್‌ವುಡ್ ಕೂಡ 1992ರಿಂದ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿ ಪಟ್ಟಿಯಲ್ಲಿದೆ. ದೇಶ ದಾಟಿಸುವ ಮುಂಚೆ ಕಾಗದಪತ್ರ ಕೇಳಿ.

ಕ್ಯೂ ದೂರದಲ್ಲಿದ್ದು ಫೋಟೋ ನೋಡಿಯೇ ಕೊಳ್ಳುವುದಾದರೆ, ಮಾರುವವರಿಂದ ಇವನ್ನು ಕೇಳಿ ತರಿಸಿಕೊಳ್ಳಿ: ಸ್ಕೇಲ್ ಪಕ್ಕಕ್ಕಿಟ್ಟ ಪಿನ್, ಜಾಯಿಂಟ್‌ನ ಎರಡೂ ಮುಖ, ನಾಲ್ಕೂ ಮೊನೆಗಳ ತುದಿ, ಬಂಪರ್ (ಬುಡದ ತುದಿಯ ರಬ್ಬರ್) ತೆಗೆದ ಬುಡ. ಬಂಪರ್ ತೆಗೆದರೆ ಒಳಗಿನ ತೂಕದ ಬೋಲ್ಟ್ ಕಾಣುತ್ತದೆ, ಅಲ್ಲಿ ಕೈ ಹಾಕಿದ್ದಾರೋ ಇಲ್ಲವೋ ತಿಳಿಯುತ್ತದೆ. ಸಹಿಯ ಫೋಟೋ ಹೇಗೂ ಅವರೇ ಮೊದಲು ಕಳಿಸುತ್ತಾರೆ. ಮತ್ತೆ ಪಾಲಿಶ್ ಮಾಡಿಸಿದ್ದೀರಾ, ಯಾರ ಕೈಯಲ್ಲಿ ಅಂತಲೂ ಕೇಳಿ. ಮಾಡಿದವರೇ ಮತ್ತೆ ಪಾಲಿಶ್ ಮಾಡಿದ್ದರೆ ಬೆಲೆ ಅಷ್ಟಾಗಿ ಕುಗ್ಗದು. ಹಳೆಯ ಗೀರುಗಳೇ ಇಲ್ಲದೆ ಕನ್ನಡಿ ಹಾಗೆ ಹೊಳೆದರೆ ಬೆಲೆ ಇಳಿಸಿ ಮಾತಾಡಿ.

ಮನೆಗೆ ತಂದ ಮೇಲೆ ಸುಮ್ನೆ ಉಜ್ಜಲು ಹೋಗಬೇಡಿ. ಒದ್ದೆ ಹಿಂಡಿದ ಬಟ್ಟೆಯಲ್ಲಿ ಒಮ್ಮೆ ಒರೆಸಿ, ತಕ್ಷಣ ಒಣ ಬಟ್ಟೆಯಲ್ಲಿ ಒರೆಸಿ. ಬಿಸಿಲಿನ ಕಾರಿನಲ್ಲಿ ಬಿಡಬೇಡಿ, ಗೋಡೆಗೆ ಓರೆಯಾಗಿ ಒರಗಿಸಬೇಡಿ. ಪ್ರತಿ ಕ್ಯೂಗೂ ಒಂದು ಕಾರ್ಡ್ ಮಾಡಿ. ಬಟ್ ತೂಕ, ಪ್ರತಿ ಶಾಫ್ಟ್‌ನ ತೂಕ ಔನ್ಸ್‌ನಲ್ಲಿ, ಪಿನ್ ಸೈಜು, ನಾಲ್ಕು ಮೊನೆಗಳ ಎತ್ತರ, ಯಾವ ಭಾಗ ಬದಲಾಗಿದೆ, ಎಲ್ಲ ಬರೆಯಿರಿ. ನನ್ನ ಮೊದಲ ಕಾರ್ಡ್ ಆ ಜಪಾನಿನ ಕ್ಯೂನದು. ಅದು ಈಗಲೂ ನನ್ನ ಹತ್ತಿರವೇ ಇದೆ. ವಾರಕ್ಕೆರಡು ಸಲ ಅದರಲ್ಲೇ ಆಡುತ್ತೇನೆ.